ಮೇಲೆ ತೂತಿಲ್ಲ, ಕೆಳಗೆ ಕೆರೆ

ಜೂನ್ ಕೊನೆಯ ವಾರ ಮಾಟುಂಗಾದಿಂದ ಭಾವನ ಫೋನು. "ಎಂತ ಮಾರಾಯ, ಟಾಪಿನಲ್ಲಿ ಒಂದು ತೂತಿಲ್ಲ. ಕೆಳಗೆ ನೋಡಿದರೆ ಕೆರೆ!"

ಭಾವನದು ಬಟ್ಟೆ ಟಾಪಿನ ಹಳೇ ಕಾರು. ಬೇಕೆಂದಾಗ ಟಾಪ್ ಮಡಚಿ ಹಿಂದಕ್ಕೆ ಹಾಕಬಹುದು. ಮುಂಬೈಯಲ್ಲಿ ಇಂಥ ಕಾರು ಯಾಕೆ ಅಂತ ಕೇಳಿದರೆ ಅಕ್ಕ ಸುಮ್ನೆ ನಗುತ್ತಾಳೆ.

ಹೋಗಿ ನೋಡಿದೆ. ಹಿಂದಿನ ಸೀಟಿನ ಕೆಳಗಿನ ಕಾರ್ಪೆಟ್ ಒತ್ತಿದರೆ ಬೆರಳ ಸುತ್ತ ನೀರು ಉಕ್ಕಿ ಬಂತು. ಟಾಪಿನ ಒಳಭಾಗ ಮುಟ್ಟಿದರೆ ಮಾತ್ರ ಒಣ ಒಣ.

ಅದೇನೂ ಪವಾಡವಲ್ಲ. ಇಂಥ ಟಾಪು ಸಾಮಾನ್ಯವಾಗಿ ಮೂರು ಪದರದ್ದು: ಹೊರಗೆ ಬಟ್ಟೆ, ಒಳಗೆ ಬಟ್ಟೆ, ನಡುವೆ ತೆಳ್ಳಗಿನ ರಬ್ಬರ್. 1823ರಲ್ಲಿ ಚಾರ್ಲ್ಸ್ ಮ್ಯಾಕಿಂಟಾಷ್ ರೇನ್‌ಕೋಟಿನ ಬಟ್ಟೆಗೆ ಪೇಟೆಂಟ್ ಪಡೆದದ್ದು ಇದೇ ಉಪಾಯಕ್ಕೆ. ಹೊರಗಿನ ಬಟ್ಟೆಗೆ ನೀರು ಹಿಡಿಯದ ಲೇಪನ ಇರುತ್ತದೆ. ಅದರ ಮೇಲೆ ಬಿದ್ದ ಹನಿ ಹರಡುವುದಿಲ್ಲ. ಕೆಸುವಿನ ಎಲೆಯ ಮೇಲಿನ ಹಾಗೆ ಗುಂಡಗೆ ನಿಂತು ಜಾರಿಹೋಗುತ್ತದೆ. ನಮ್ಮ ಕಂಬಳಿ ಕೊಪ್ಪೆಯೂ ಸ್ವಲ್ಪ ಹೀಗೆಯೇ. ಅಲ್ಲಿ ಲೇಪನದ ಕೆಲಸ ಕುರಿಯ ಉಣ್ಣೆಯ ಜಿಡ್ಡಿನದು.

ಹೋದ ವರ್ಷ ನಾನೇ ದೊಡ್ಡ ಮನಸ್ಸು ಮಾಡಿ ಈ ಟಾಪನ್ನು ಬಟ್ಟೆ ಒಗೆಯುವ ಸೋಪಿನ ಪುಡಿ ಹಾಕಿ ತಿಕ್ಕಿದ್ದೆ. ಸೋಪು ನೀರಿನ ಮೇಲ್ಮೈ ಬಿಗಿತವನ್ನು ಸಡಿಲ ಮಾಡುತ್ತದೆ. ಸರಿಯಾಗಿ ತೊಳೆದು ತೆಗೆಯದೆ ಎಳೆಗಳಲ್ಲಿ ಉಳಿದರೆ ಹನಿ ಗುಂಡಗೆ ನಿಲ್ಲುವುದಿಲ್ಲ, ಬಟ್ಟೆ ಕುಡಿಯತೊಡಗುತ್ತದೆ. ಆಮೇಲೆ ಬರೀ ನೀರಲ್ಲಿ ಮೂರು ಸಲ ತೊಳೆದು, ಒಣಗಿಸಿ, ಲೇಪನದ ಸ್ಪ್ರೇ ಹೊಡೆಯಬೇಕಾಯಿತು. ಭಾವ ಇನ್ನೂ ಅದನ್ನು ಮರೆತಿಲ್ಲ.

ಹಾಗಾದರೆ ಕೆರೆ ಎಲ್ಲಿಂದ? ಮೊದಲು ನೀರಿನ ಲೆಕ್ಕ ನೋಡೋಣ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಟಾಪಿನ ಅಗಲ ಉದ್ದ ಸೇರಿ 2 ಚದರ ಮೀಟರ್ ಅಂತ ಇಟ್ಟುಕೊಳ್ಳಿ. 100 ಮಿಲಿಮೀಟರ್ ಮಳೆಗೆ 200 ಲೀಟರ್. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಸುರಿದಿತ್ತು. ಇದೇ ಟಾಪಿನ ಮೇಲೆ ಆಗ ಹತ್ತಿರ ಹತ್ತಿರ 1,900 ಲೀಟರ್!

ಇಷ್ಟು ನೀರನ್ನು ಸಂದಿ ಮುಚ್ಚುವ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್, ಒಂದೇ ತಡೆಯಲಾರದು ಅಂತ ಕಾರು ಮಾಡುವವರಿಗೆ ಗೊತ್ತು. ಅದಕ್ಕೇ ಸಂದಿಯಲ್ಲಿ ನುಗ್ಗುವ ನೀರಿಗೆ ಅವರೇ ದಾರಿ ಮಾಡಿರುತ್ತಾರೆ. ನಮ್ಮ ಹಂಚಿನ ಮಾಡೂ ಹಾಗೇ ಅಲ್ವಾ? ಒಂದು ಹಂಚಿಗೂ ಇನ್ನೊಂದಕ್ಕೂ ನಡುವೆ ಗಾಳಿಯಾಡುವಷ್ಟು ಸಂದಿ. ಆದರೂ ನೀರು ಇಳಿಜಾರು ಹಿಡಿದು ಮಾಡಿನ ಅಂಚಿನಲ್ಲಿ ನೀರು ಹಿಡಿಯುವ ದಂಬೆಗೆ ಬೀಳುತ್ತದೆ. ಈ ಕಾರಿನ ದಂಬೆ ಇರುವುದು ಟಾಪು ಮಡಚಿ ಕೂರುವ ಜಾಗದ ಎರಡು ಮೂಲೆಯಲ್ಲಿ. ಅಲ್ಲಿಂದ ಕಿರುಬೆರಳು ದಪ್ಪದ ಪೈಪು ಇಳಿದು ಹಿಂದಿನ ಚಕ್ರದ ಹತ್ತಿರ ಹೊರಗೆ ಬರುತ್ತದೆ.

ಟಾಪನ್ನು ಅರ್ಧ ಎತ್ತಿ ಟಾರ್ಚ್ ಬಿಟ್ಟೆ. ಬಲ ಮೂಲೆಯ ತೂತೇ ಕಾಣಲಿಲ್ಲ. ಅದರ ಮೇಲೆ ಕಪ್ಪು ಕೆಸರು. ಕೆದಕಿದರೆ ಗುಲ್‌ಮೊಹರಿನ ಎಲೆ: ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ, ಒಂದರ ಮೇಲೊಂದು ಅಂಟಿಕೊಂಡ ಸಾವಿರ ಚೂರು. ನಡುವೆ ಕೆಂಪು ಕಳೆದುಕೊಂಡ ಎರಡು ಎಸಳು. ಭಾವ ದಿನಾ ಕಾರು ನಿಲ್ಲಿಸುವುದು ಆ ಮರದ ನೆರಳಲ್ಲೇ. ಹೊರಗೆ ಹೋಗಲಾಗದ ನೀರು ತುಂಬಿ, ತುಳುಕಿ, ಕಾರ್ಪೆಟ್ ಕೆಳಗೆ ಇಳಿದಿತ್ತು.

ದಪ್ಪ ನೈಲಾನ್ ದಾರ ತೂರಿಸಿ ಮೆಲ್ಲಗೆ ಆಡಿಸಿದೆ. ಪಂಪಿನ ಗಾಳಿ ಜೋರಾಗಿ ಹೊಡೆದರೆ ಒಳಗೆ ಪೈಪಿನ ಜೋಡಣೆಯೇ ಕಳಚಬಹುದು, ಆಮೇಲೆ ಸೀಟು ಬಿಚ್ಚುವ ಕೆಲಸ. ಒಂದು ಚೊಂಬು ನೀರು ಹೊಯ್ದೆವು. ಚಕ್ರದ ಪಕ್ಕ ಸುರ್ರನೆ ಬಂತು. ಸನ್‌ರೂಫ್ ಇರುವ ಕಾರಿನವರೂ ಮಳೆಗಾಲಕ್ಕೆ ಮುಂಚೆ ಇದನ್ನು ಮಾಡಿ ನೋಡಬಹುದು, ಅಲ್ಲೂ ನಾಲ್ಕು ಮೂಲೆಗೆ ಇಂಥದೇ ಪೈಪು ಇರುತ್ತದೆ.

ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಮಾತ್ರ ತೊಡೆಯ ಮೇಲೆ ಹನಿ ಬೀಳುತ್ತದೆ ಅನ್ನುವುದು ಭಾವನ ಇನ್ನೊಂದು ದೂರು. ಅದು ಬೇರೆ ಕಥೆ. ವೇಗವಾಗಿ ಹೋಗುವಾಗ ಟಾಪಿನ ಮೇಲೆ ಬಾಗಿ ಹರಿಯುವ ಗಾಳಿಯ ಒತ್ತಡ ಇಳಿಯುತ್ತದೆ. ಒಳಗಿನ ಗಾಳಿಯ ಒತ್ತಡ ಅಷ್ಟು ಇಳಿಯುವುದಿಲ್ಲ. ಟಾಪು ಪೂರಿ ಹಾಗೆ ಉಬ್ಬುತ್ತದೆ, ಕಿಟಕಿಯ ಗಾಜೂ ಬೀಡಿಂಗ್‌ನಿಂದ ಕೂದಲೆಳೆಯಷ್ಟು ಹೊರಗೆ ಸರಿಯುತ್ತದೆ. ಹನಿಗೆ ಅಷ್ಟೇ ಸಾಕು.

ಕಷ್ಟವಾದದ್ದು ಒಣಗಿಸುವುದು. "ಎಸಿ ಹಾಕಿಟ್ಟರಾಯ್ತಲ್ಲ" ಅಂದ ಭಾವ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿಯುವುದೇ ಸುಮಾರು 30 ಗ್ರಾಂ ನೀರಾವಿ. ಕಾರೊಳಗೆ 3 ಘನ ಮೀಟರ್ ಗಾಳಿ ಇದ್ದರೂ 90 ಗ್ರಾಂ, ಅರ್ಧ ಲೋಟವೂ ಇಲ್ಲ. ಎಸಿ ಅದನ್ನು ಬೇಗ ಹಿಂಡುತ್ತದೆ. ಕಾರ್ಪೆಟ್ ಕೆಳಗಿನ ಸ್ಪಂಜಿನಲ್ಲಿ ಇರುವುದು ಲೀಟರ್‌ಗಟ್ಟಲೆ. ಅದು ಒಂದೊಂದೇ ಲೋಟವಾಗಿ ಗಾಳಿಗೆ ಏರಬೇಕು. ಕಿಟಕಿ ತೆರೆದಿಟ್ಟರೆ ಜುಲೈಯ ಗಾಳಿಯೇ ಒದ್ದೆ.

ಕೊನೆಗೆ ಕಾರ್ಪೆಟ್, ಸ್ಪಂಜು ಎರಡನ್ನೂ ಬಿಚ್ಚಿ ಭಾವನ ಹೋಟೆಲಿಗೆ ಒಯ್ದೆವು. ಅಡುಗೆಮನೆ ಬೇಡ, ಅಲ್ಲಿ ಇಡ್ಲಿಯ ಆವಿ. ಹಿಂದಿನ ಸ್ಟೋರಿನಲ್ಲಿ ದೊಡ್ಡ ಫ್ರಿಜ್ಜಿನ ಬೆನ್ನಿನಿಂದ ಬಿಸಿಗಾಳಿ ಬರುತ್ತದೆ. 28 ಡಿಗ್ರಿಯಲ್ಲಿ ಶೇ. 90 ತೇವ ಇರುವ ಗಾಳಿಯನ್ನು 38ಕ್ಕೆ ಕಾಯಿಸಿದರೆ ಅದೇ ಗಾಳಿಯ ತೇವ ಶೇ. 50ರ ಆಸುಪಾಸಿಗೆ ಇಳಿಯುತ್ತದೆ. ಒಳಗಿನ ನೀರು ಅಷ್ಟೇ, ಕುಡಿಯುವ ಶಕ್ತಿ ಮಾತ್ರ ಜಾಸ್ತಿ. ಸ್ಪಂಜು ಅಲ್ಲಿ ನಾಲ್ಕು ದಿನ ನೇತಾಡಿತು. ಕಾರಿಗೆ ಮರಳಿ ಹಾಕಿದ ಮೇಲೆ ಒಂದು ವಾರ, ಕುಳಿತವರೆಲ್ಲ ಮೂಗರಳಿಸಿ ಕೇಳಿದ್ದು ಒಂದೇ: "ಇಲ್ಲಿ ಸಾಂಬಾರ್ ಪುಡಿ ಚೆಲ್ಲಿದ್ದೀರಾ?"