ಸೂರ್ಯಕಾಂತನ ಹೆಸರು, 17ನೇ ಊರಿನ ಹಮಾಲಿ

ಕಲಬುರಗಿಯ ಗಂಜ್‌ನಲ್ಲಿ ಒಂದು ಅಡತಿ ಅಂಗಡಿ. ರೈತ ತೊಗರಿ ತಂದರೆ ಎಷ್ಟು ಚೀಲ, ಎಷ್ಟು ತೂಕ, ಏನು ದರ, ಹಮಾಲಿ ಎಷ್ಟು ಹೋಯಿತು, ಕೈಗೆ ಎಷ್ಟು ಬಂತು, ಎಲ್ಲದರ ಲೆಕ್ಕ ಒಂದು ಹಳೆಯ ಕಂಪ್ಯೂಟರಿನಲ್ಲಿದೆ. ಪ್ರೋಗ್ರಾಂ ಫಾಕ್ಸ್‌ಪ್ರೋ ಅನ್ನುವ ಹಳೆಯ ಕಂಪ್ಯೂಟರ್ ಭಾಷೆಯಲ್ಲಿ ಬರೆದದ್ದು. ಬರೆದವರು ಊರು ಬಿಟ್ಟು ವರ್ಷಗಳಾದವು. ಅದನ್ನು ಕ್ಲೌಡ್‌ಗೆ ತರುವ ಕೆಲಸ ನನ್ನ ಪಾಲಿಗೆ ಬಂತು.

ಫಾಕ್ಸ್‌ಪ್ರೋವನ್ನು ಮೈಕ್ರೋಸಾಫ್ಟ್ ಕೊಂಡದ್ದು 1992ರಲ್ಲಿ. ಅದರ ಕೊನೆಯ ಆವೃತ್ತಿ ಬಂದದ್ದು 2004ರಲ್ಲಿ. 2015ರ ಜನವರಿಗೆ ಕಂಪನಿಯ ಬೆಂಬಲವೂ ನಿಂತಿತು. ಆದರೂ ಇಂಥ ಪ್ರೋಗ್ರಾಂಗಳು ಇವತ್ತಿಗೂ ಓಡುತ್ತಿವೆ, ಯಾಕೆಂದರೆ ಲೆಕ್ಕ ತಪ್ಪಿಲ್ಲ. ಹಳೆಯದು ಅಂದ ಮಾತ್ರಕ್ಕೆ ಕೆಟ್ಟದ್ದು ಅಂತಲ್ಲ. ಭಯ ಇರುವುದು ಬೇರೆ ಕಡೆ: ಆ ಒಂದು ಕಂಪ್ಯೂಟರ್ ಕೆಟ್ಟರೆ ಅಷ್ಟೂ ವರ್ಷಗಳ ಲೆಕ್ಕ ಅದರ ಜೊತೆಗೇ ಹೋಗುತ್ತದೆ. ಕ್ಲೌಡ್ ಅಂದರೆ ದೂರದ ದೊಡ್ಡ ಕೇಂದ್ರದಲ್ಲಿರುವ ಕಂಪ್ಯೂಟರುಗಳನ್ನು ಬಾಡಿಗೆಗೆ ಪಡೆಯುವುದು, ಅಷ್ಟೇ. ಅಮೆಜಾನ್ 2022ರ ನವೆಂಬರ್‌ನಲ್ಲಿ ಹೈದರಾಬಾದಿನಲ್ಲೇ ಅಂಥ ಕೇಂದ್ರಗಳನ್ನು ತೆರೆಯಿತು. ನಮಗೆ ಬೆಂಗಳೂರಿಗಿಂತ ಅದೇ ಹತ್ತಿರ.

ಮೊದಲು ಎಡವಿದ್ದು ಹೆಸರುಗಳಲ್ಲಿ. ರೈತರ ಹೆಸರುಗಳೆಲ್ಲ ಹಳೆಯ ನುಡಿ ಫಾಂಟ್‌ನಲ್ಲಿದ್ದವು. ಆ ಫಾಂಟ್ ತೆಗೆದರೆ ಕನ್ನಡ ಮಾಯ. ತಲೆಯ ಮೇಲೆ ಚುಕ್ಕಿ, ಗೀಟು ಹೊತ್ತ ಯುರೋಪಿನ ಅಕ್ಷರಗಳ ಸಾಲು ಮಾತ್ರ ಕಾಣುತ್ತದೆ. ಹಳೆಯ ನುಡಿ ಫಾಂಟ್ ಅಕ್ಷರವನ್ನು ಅಕ್ಷರವಾಗಿ ಇಡುವುದಿಲ್ಲ. ಕಣ್ಣಿಗೆ ಕಾಣುವ ಚೂರುಗಳಾಗಿ ಇಡುತ್ತದೆ. ನಮ್ಮ ಕಡೆ ಮನೆಗೊಬ್ಬ ಸೂರ್ಯಕಾಂತ ಇರುತ್ತಾನೆ, ಅಲ್ವಾ? ಆ ಹೆಸರನ್ನೇ ನೋಡಿ. ಕಾಗದದ ಮೇಲೆ ಅರ್ಕಾವೊತ್ತು ಬರುವುದು ‘ಯ’ ಆದ ಮೇಲೆ. ನುಡಿಯಲ್ಲೂ ಅದು ಆಮೇಲೆಯೇ ಕೂತಿದೆ. ಈಗಿನ ಕಂಪ್ಯೂಟರುಗಳು ಅಕ್ಷರ ಇಡುವ ಪದ್ಧತಿಯಾದ ಯೂನಿಕೋಡ್ ಮಾತ್ರ ಬಾಯಲ್ಲಿ ಹೇಳುವ ಹಾಗೆ ‘ರ್’ ಮೊದಲು, ‘ಯ’ ಆಮೇಲೆ ಇಡುತ್ತದೆ. ಇನ್ನೂ ಒಂದಿದೆ. ‘ಯ’ ಬರೆಯುವಾಗ ಮೊದಲು ಒಂದು ಪುಟ್ಟ ಸುತ್ತು ಬರುತ್ತದಲ್ಲ, ಅದಕ್ಕೆ ನುಡಿ ಬಳಸುವುದು ಅನುಸ್ವಾರದ ಸೊನ್ನೆಯನ್ನೇ. ಹಾಗಾಗಿ ಒಂದೊಂದೇ ಚೂರು ಬದಲಿಸುತ್ತಾ ಹೋದರೆ ‘ಸೂ’ ಆದ ಕೂಡಲೇ ಬೇಡದ ಸೊನ್ನೆ ಬಂದು ಕೂರುತ್ತದೆ. ಹೆಸರು ಕೆಡುತ್ತದೆ.

ಇಲ್ಲಿ ಎಐ ತುಂಬಾ ಉಪಯೋಗಕ್ಕೆ ಬಂತು. ಆದರೆ ಹೆಸರುಗಳ ಪಟ್ಟಿಯನ್ನೇ ಅದರ ಕೈಗೆ ಕೊಟ್ಟು ‘ಬದಲಿಸು’ ಅನ್ನಲಿಲ್ಲ. ರೈತರ ವಿವರವನ್ನು ಹಾಗೆ ಹೊರಗೆ ಕಳಿಸುವುದು ಸರಿಯಲ್ಲ. ಮೇಲಾಗಿ ಅದು ಊಹೆ ಮಾಡುತ್ತದೆ. ಸೂರ್ಯಕಾಂತ ಒಂದು ಕಡೆ ಸೂರ್ಯಕಾಂತಪ್ಪ ಆಗಿಬಿಟ್ಟರೆ ಹುಡುಕಿ ತೆಗೆಯುವವರು ಯಾರು? ಬದಲಿಸುವ ಪ್ರೋಗ್ರಾಂ ಒಂದನ್ನು ಅದರ ಕೈಲಿ ಬರೆಸಿದೆ. ಪ್ರೋಗ್ರಾಂಗೆ ನಿಯಮ ಇರುತ್ತದೆ. ನಿಯಮವನ್ನು ಪರೀಕ್ಷೆ ಮಾಡಬಹುದು. ಊಹೆಯನ್ನು ಹಾಗೆ ಮಾಡಲು ಬರುವುದಿಲ್ಲ.

ಆಮೇಲೆ ಕೋಡ್ ಓದುವ ಸರದಿ. ಸಾವಿರಾರು ಸಾಲು, ಎಲ್ಲೂ ಒಂದು ಟಿಪ್ಪಣಿ ಇಲ್ಲ. ನಾನೇ ಕೂತು ಓದಿದ್ದರೆ ತಿಂಗಳುಗಟ್ಟಲೆ ಆಗುತ್ತಿತ್ತು. ಎಐ ಯಾವ ಭಾಗ ಏನು ಮಾಡುತ್ತದೆ ಅಂತ ಬೇಗ ಬಿಡಿಸಿ ಹೇಳಿತು. ಒಂದು ಕಡೆ ಮಾತ್ರ ತಡೆದು ನಿಂತಿತು: ಊರಿನ ನಂಬರ್ 17 ಇದ್ದರೆ ಹಮಾಲಿ ಸೊನ್ನೆ. ‘ಇದು ತಪ್ಪಿರಬಹುದು, ತೆಗೆಯಬಹುದು’ ಅಂತ ಸಲಹೆ ಕೊಟ್ಟಿತು.

ನಾನು ಅಂಗಡಿಯ ಮುನೀಮರನ್ನು ಕೇಳಿದೆ. ಅವರು ಕನ್ನಡಕ ಮೇಲೇರಿಸಿ ನಕ್ಕರು. “ತಪ್ಪಲ್ಲ ತಮ್ಮಾ. ಆ ಊರಿನವ್ರು ತಮ್ಮ ಮಂದೀನೇ ಕರ್ಕೊಂಡು ಬರ್ತಾರ. ನಮ್ಮ ಹಮಾಲರು ಒಂದು ಚೀಲಾನೂ ಮುಟ್ಟಂಗಿಲ್ಲ. ಮತ್ತ ಹಮಾಲಿ ಹ್ಯಾಂಗ ಹಿಡೀಲಿ?”

ಎಐ ಕಲಿತಿರುವುದು ಜಗತ್ತಿನ ರಾಶಿ ರಾಶಿ ಕೋಡ್ ಓದಿ. ಎಲ್ಲರೂ ಮಾಡುವ ಕೆಲಸವನ್ನು ಅದು ಚೆನ್ನಾಗಿ ಬಲ್ಲದು. ಒಂದೇ ಅಂಗಡಿಯಲ್ಲಿ, ಒಂದೇ ಊರಿಗೆ ಯಾಕೆ ಹಾಗೆ ಅನ್ನುವುದು ಯಾವ ಕೋಡ್‌ನಲ್ಲೂ ಬರೆದಿರುವುದಿಲ್ಲ. ಅದು ಮುನೀಮರ ತಲೆಯಲ್ಲಿ ಮಾತ್ರ ಇತ್ತು. ಅವರಿಗೂ ವಯಸ್ಸಾಗಿದೆ. ಇನ್ನು ನಾಲ್ಕು ವರ್ಷ ಬಿಟ್ಟು ಈ ಕೆಲಸಕ್ಕೆ ಕೈ ಹಾಕಿದ್ದರೆ ಯಾರನ್ನು ಕೇಳುತ್ತಿದ್ದೆ?

ಊರುಗಳ ವಿಳಾಸದಲ್ಲಿ ಇನ್ನೊಂದು ತೊಡಕು. ಯಾದಗಿರಿ ಬೇರೆ ಜಿಲ್ಲೆಯಾದಾಗ ಶಹಾಪುರ, ಸುರಪುರ ಅತ್ತ ಹೋದವು. 2014ರ ನವೆಂಬರ್ 1ಕ್ಕೆ ಗುಲ್ಬರ್ಗ ಕಲಬುರಗಿ ಆಯಿತು. ಹಳೆಯ ಪಟ್ಟಿಗಳಲ್ಲಿ, ಅಂದರೆ ರೈತರ ಲೆಕ್ಕದ ಚೀಟಿಗಳಲ್ಲಿ, ‘ಸುರಪುರ, ಜಿಲ್ಲೆ ಗುಲ್ಬರ್ಗ’ ಅಂತಿದೆ. ಹೊಸ ಪ್ರೋಗ್ರಾಂಗೆ ಅದು ತಪ್ಪು ವಿಳಾಸ. ಸರಿಪಡಿಸುತ್ತೇನೆ ಅಂತ ಹೊರಡುತ್ತದೆ. ಆದರೆ ಆ ದಿನದ ಕಾಗದದಲ್ಲಿ ಇದ್ದದ್ದು ಅದೇ. ಹಾಗೇ ಉಳಿಯಬೇಕು.

ಎಲ್ಲಕ್ಕಿಂತ ಜಾಸ್ತಿ ಹೆದರಿಸಿದ್ದು ಒಂದೇ ಒಂದು ರೂಪಾಯಿ. ಪೈಸೆಯನ್ನು ಪೂರ್ತಿ ರೂಪಾಯಿ ಮಾಡಲು ಹಳೆಯ ಕೋಡ್‌ನಲ್ಲಿ ‘ರೌಂಡ್’ ಅಂತ ಒಂದು ಆದೇಶ ಇತ್ತು. ಎಐ ಅದನ್ನು ಪೈಥಾನ್ ಭಾಷೆಯ ‘ರೌಂಡ್’ ಮಾಡಿತು. ಹೆಸರು ಅದೇ, ನಡತೆ ಬೇರೆ. ಫಾಕ್ಸ್‌ಪ್ರೋ ಅರ್ಧ ರೂಪಾಯಿ ಬಂದಾಗಲೆಲ್ಲ ಮೇಲಕ್ಕೆ ಏರಿಸುತ್ತದೆ. ಪೈಥಾನ್ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. ಚೀಲಕ್ಕೆ 3 ರೂಪಾಯಿ 50 ಪೈಸೆ ಹಮಾಲಿ ಅಂದುಕೊಳ್ಳಿ. 7 ಚೀಲಕ್ಕೆ 24.50. ಹಳೆಯದು 25 ಅನ್ನುತ್ತದೆ, ಹೊಸದು 24. ಅದೇ 9 ಚೀಲಕ್ಕೆ 31.50 ಆದರೆ ಎರಡೂ 32 ಅನ್ನುತ್ತವೆ. ಸುಮ್ನೆ 9 ಚೀಲ ಹಾಕಿ ನೋಡಿದವರಿಗೆ ತಪ್ಪು ಸಿಗುವುದೇ ಇಲ್ಲ. ಆ ಒಂದು ರೂಪಾಯಿ ಬೆನ್ನ ಮೇಲೆ ಚೀಲ ಹೊತ್ತವರ ಕೂಲಿ.

ಇದು ಸಿಕ್ಕಿದ್ದು ಹಳೆಯ ಪಟ್ಟಿಗಳಿಂದ. ಹಿಂದಿನ ಸೀಸನ್‌ಗಳ ಪಟ್ಟಿಗಳನ್ನೆಲ್ಲ ಎರಡೂ ಪ್ರೋಗ್ರಾಂಗಳಿಗೆ ಹಾಕಿ, ಉತ್ತರಗಳನ್ನು ಎದುರುಬದುರು ಇಟ್ಟು ನೋಡಿದೆ. ವ್ಯತ್ಯಾಸ ಬಂದ ಪ್ರತಿ ಪಟ್ಟಿಗೂ ಕಾರಣ ಸಿಗುವ ತನಕ ಬಿಡಲಿಲ್ಲ. ಎಐ ಬರೆದ ಕೋಡ್ ಎಷ್ಟು ಚಂದ ಕಂಡರೂ ನಾನು ನಂಬುವುದು ಈ ತಾಳೆಯನ್ನೇ.

ಒಂದೇ ರಾತ್ರಿಗೆ ಎಲ್ಲಾ ಬದಲಿಸುವ ಆಸೆ ಎಲ್ಲರಿಗೂ ಇರುತ್ತದೆ. 2018ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ಒಂದು ವಾರಾಂತ್ಯದಲ್ಲಿ ತನ್ನ ಗ್ರಾಹಕರ ಲೆಕ್ಕವನ್ನೆಲ್ಲ ಹೊಸ ವ್ಯವಸ್ಥೆಗೆ ಸಾಗಿಸಿತು. ಸುಮಾರು 19 ಲಕ್ಷ ಜನ ತಮ್ಮ ಖಾತೆಯನ್ನೇ ತೆರೆಯಲಾಗದೆ ಪರದಾಡಿದರು. ಹಾಗಾಗಿ ನಾವು ತುಂಡು ತುಂಡಾಗಿ ಸಾಗಿಸುತ್ತಿದ್ದೇವೆ. ಮೊದಲು ರೈತರ ಹೆಸರು. ಆಮೇಲೆ ಪಟ್ಟಿ. ಒಂದು ಭಾಗ ಹೊಸದರಲ್ಲಿ ನೆಟ್ಟಗೆ ನಿಂತ ಮೇಲೆಯೇ ಅದನ್ನು ಹಳೆಯದರಲ್ಲಿ ನಿಲ್ಲಿಸುವುದು.

ಹೊಸ ಕೋಡ್‌ನಲ್ಲಿ ಈಗ 17ನೇ ಊರಿನ ಸಾಲಿನ ಮೇಲೆ ಮುನೀಮರು ಹೇಳಿದ ಕಾರಣವನ್ನು ಕನ್ನಡದಲ್ಲೇ ಬರೆದಿಟ್ಟಿದ್ದೇನೆ. ಇನ್ನು ಉಳಿದಿರುವುದು ಸಾಲ, ಮುಂಗಡದ ಖಾತೆ. ಮುನೀಮರು ಬೇಸಿಗೆ ತನಕ ತಡೆಯಲು ಹೇಳಿದ್ದಾರೆ. ತೊಗರಿ ಬರುವ ದಿನಗಳಲ್ಲಿ ಅವರಿಗೆ ಕೂತು ಮಾತಾಡಲು ಪುರುಸೊತ್ತು ಇರುವುದಿಲ್ಲ.