ನೆಮಾನಿಕ್: ಶ್ವಾಸಕೋಶಕ್ಕೂ ಇದಕ್ಕೂ ಸಂಬಂಧ ಇಲ್ಲ

ಬಸ್ ಸ್ಟಾಪಿನ ಗೋಡೆಯ ಮೇಲೆ ಮೊನ್ನೆ ಒಂದು ಪೋಸ್ಟರ್ ನೋಡಿದೆ. ‘ನ್ಯುಮೋನಿಕ್ ಟ್ರಿಕ್ಸ್ ಬಳಸಿ ಇಂಗ್ಲಿಷ್ ಪದ ಕಲಿಯಿರಿ’ ಅಂತ. ಈ ತಿಂಗಳಲ್ಲಿ ಇದು ನಾಲ್ಕನೇ ಸಲ. ಸಾಕಾಯ್ತು.

ನ್ಯುಮೋನಿಕ್ ಅಂದರೆ ಶ್ವಾಸಕೋಶದ್ದು. ನ್ಯುಮೋನಿಯಾ ಇದರ ಒಡಹುಟ್ಟು. ಕೆಮ್ಮಿನ ಹನಿಯಿಂದ ಹರಡುವ ನ್ಯುಮೋನಿಕ್ ಪ್ಲೇಗ್ ಅಂತಲೂ ಒಂದಿದೆ. ಅದನ್ನು ಬಳಸಿ ಯಾರೂ ಇಂಗ್ಲಿಷ್ ಕಲಿಯುವುದು ಬೇಡ.

ನೆನಪಿನ ಉಪಾಯಕ್ಕೆ ಇರುವ ಪದ ನೆಮಾನಿಕ್. ಎಡವಟ್ಟಿಗೆಲ್ಲ ಕಾರಣ ಸ್ಪೆಲಿಂಗು. ಇದು ಎಂ ಅಕ್ಷರದಿಂದ ಶುರು, ಅದು ಪಿ ಅಕ್ಷರದಿಂದ. ಇಂಗ್ಲಿಷಿನಲ್ಲಿ ಎರಡೂ ಕಡೆ ಮೊದಲಕ್ಷರ ಬಾಯಿ ಬಿಡುವುದಿಲ್ಲ, ಕಿವಿಗೆ ಬೀಳುವುದು ‘ನ’ ಮಾತ್ರ. ಗ್ರೀಕರು ಎರಡನ್ನೂ ಉಚ್ಚರಿಸುತ್ತಿದ್ದರು. ಅವರಿಗೆ ‘ಮ್ನೇಮೆ’ ಅಂದರೆ ನೆನಪು. ನೆನಪಿನ ದೇವತೆಯ ಹೆಸರು ಮ್ನೆಮೊಸಿನೆ. ಹಾಡು, ಕಾವ್ಯ, ನಾಟ್ಯ ಇವನ್ನೆಲ್ಲ ಕಾಯುವ ಒಂಬತ್ತು ದೇವತೆಯರಿಗೆ ಅವಳೇ ತಾಯಿ. ಬರೆದಿಡುವ ಅಭ್ಯಾಸ ಇಲ್ಲದ ಕಾಲದಲ್ಲಿ ಹಾಡು ಉಳಿಯುತ್ತಿದ್ದದ್ದೇ ನೆನಪಿನಲ್ಲಿ, ಅಲ್ವಾ? ಅದೇ ಬೇರಿನ ಮುಂದೆ ‘ಅ’ ಬಂದರೆ ಅಮ್ನೀಷಿಯಾ, ಅಂದರೆ ಮರೆವು. ನಮ್ಮ ‘ಅನ್ಯಾಯ’ದ ‘ಅ’ ಇದ್ದ ಹಾಗೆ. ಅಮ್ನೆಸ್ಟಿ ಕೂಡ ಅಲ್ಲಿಂದಲೇ: ಸರ್ಕಾರ ಅಪರಾಧವನ್ನು ಮರೆತುಬಿಡುವುದು. ಇವೆರಡರಲ್ಲೂ ಎಂ ಸರಿಯಾಗಿ ಕೇಳಿಸುತ್ತದೆ. ನೆಮಾನಿಕ್‌ನಲ್ಲಿ ಅಡಗಿರುವುದೂ ಅದೇ ಎಂ.

ಇದಕ್ಕಿಂತ ಜಾಸ್ತಿ ಸಿಟ್ಟು ತರಿಸುವುದು ಇನ್ನೊಂದು. ಟ್ರಿಕ್ಕನ್ನೇ ಪದದ ಮೂಲ ಅಂತ ಹೇಳಿಬಿಡುವುದು. ನ್ಯೂಸ್ ಅಂದರೆ ನಾಲ್ಕು ದಿಕ್ಕಿನ ಮೊದಲಕ್ಷರಗಳಂತೆ! ಅಲ್ಲ, ಅದು ‘ನ್ಯೂ’ ಪದದ ಬಹುವಚನ, ಹೊಸ ಸಂಗತಿಗಳು ಅಂತ, ಅಷ್ಟೇ.

ಹಾಗಂತ ಟ್ರಿಕ್ ಕೆಟ್ಟದ್ದಲ್ಲ. ಮುಂಡೇನ್ ಪದವನ್ನೇ ನೋಡಿ. ದಿನನಿತ್ಯದ, ಸಪ್ಪೆಯಾದ ಅನ್ನುವ ಅರ್ಥ. ನಾನು ನೆನಪಿಟ್ಟುಕೊಂಡದ್ದು ‘ಮುಂದೇನು?’ ಅಂತ. ಬೆಳಗ್ಗೆ ಪಾತ್ರೆ ತೊಳೆದು, ಬಟ್ಟೆ ಒಣಹಾಕಿ, ಸೊಂಟಕ್ಕೆ ಕೈಯಿಟ್ಟು ನಿಂತವರು ಕೇಳುವ ‘ಮುಂದೇನು?’ ಆ ಚಿತ್ರ ಕಣ್ಣಿಗೆ ಕಟ್ಟಿದರೆ ಅರ್ಥ ಮರೆಯುವುದಿಲ್ಲ. ಆದರೆ ಪದದ ಮೂಲ ಲ್ಯಾಟಿನ್ನಿನ ಮುಂಡುಸ್, ಅಂದರೆ ಲೋಕ. ಮೆಂಡೇಶಸ್ ಅಂದರೆ ಸುಳ್ಳುಬುರುಕ: ಮಂಡೆ ಮೇಲೆ ಕೈಯಿಟ್ಟು ಸುಳ್ಳು ಆಣೆ ಮಾಡುವವನು. ಗಲ್ಲಿಬಲ್ ಅಂದರೆ ಬೇಗ ಮೋಸಹೋಗುವವನು: ಯಾವ ಗಲ್ಲಿಗೆ ಕರೆದರೂ ಹಿಂದೆ ಬರುತ್ತಾನೆ. ಇಲ್ಲಿ ಮಂಡೆ, ಗಲ್ಲಿ ಎಲ್ಲ ಸುಮ್ನೆ ಗೂಟ. ಗೂಟಕ್ಕೆ ಹಸು ಕಟ್ಟಬಹುದು, ಗೂಟವೇ ಹಸುವಿನ ತಾಯಿ ಅನ್ನಬಾರದು.

ಹೀಗೆ ಗೊತ್ತಿರುವ ಪದದ ಗೂಟಕ್ಕೆ ಹೊಸ ಪದ ಕಟ್ಟುವುದನ್ನು ಕೀವರ್ಡ್ ವಿಧಾನ ಅನ್ನುತ್ತಾರೆ. 1975ರಲ್ಲಿ ಅಟ್ಕಿನ್‌ಸನ್ ಮತ್ತು ರಾ ಎಂಬ ಇಬ್ಬರು ಮನೋವಿಜ್ಞಾನಿಗಳು ರಷ್ಯನ್ ಪದಗಳನ್ನು ಕಲಿಸಿ ಇದನ್ನು ಪರೀಕ್ಷಿಸಿದ್ದರು. ನಮಗೇನು ಇದೆಲ್ಲ ಹೊಸದಲ್ಲ. ಛಂದಸ್ಸಿನ ಗಣಗಳನ್ನು, ಅಂದರೆ ಮೂರಕ್ಷರದ ಗುಂಪುಗಳನ್ನು, ನೆನಪಿಡುವ ‘ಯಮಾತಾರಾಜಭಾನಸಲಗಂ’ ಕೂಡ ನೆಮಾನಿಕ್ಕೇ. ‘ಯ’ದಿಂದ ಮೂರಕ್ಷರ ತೆಗೆದರೆ ‘ಯಮಾತಾ’. ಒಂದು ಲಘು, ಎರಡು ಗುರು. ಯಗಣ ಸಿಕ್ಕಿತು.

ಪೋಸ್ಟರ್ ಬರೆಯುವವರಿಗೂ ಒಂದು ಗೂಟ ಕೊಟ್ಟುಬಿಡುತ್ತೇನೆ: ನೆನಪಿಗೆ ನೆಮಾನಿಕ್, ಎರಡಕ್ಕೂ ‘ನೆ’. ಇನ್ನು ನೆಮಾನಿಕ್ ಹುಟ್ಟಿದ್ದೇ ಕನ್ನಡದ ‘ನೆನಪು’ ಪದದಿಂದ ಅಂತ ಯಾರಾದರೂ ಮುಂದಿನ ಪೋಸ್ಟರ್ ಹಚ್ಚದಿದ್ದರೆ ಸಾಕು.