ಬೆಂಗಳೂರಿನಲ್ಲಿ ಮನೆ ಬಾಡಿಗೆ ಯಾಕೆ ಏರುತ್ತದೆ?

ಮೊದಲು ಎರಡು ಅಂಕಿ ಪಕ್ಕಪಕ್ಕ ಬರೆದುಕೊಳ್ಳಿ. ದೇಶದ ನಗರಗಳಲ್ಲಿ ಸುಮಾರು 1.88 ಕೋಟಿ ಮನೆಗಳ ಕೊರತೆ ಇದೆ ಎಂದು 2012ರಲ್ಲಿ ಕೇಂದ್ರದ ತಾಂತ್ರಿಕ ತಂಡವೊಂದು ಅಂದಾಜು ಮಾಡಿತು. 2011ರ ಜನಗಣತಿ ನೋಡಿದರೆ, ಅವೇ ನಗರಗಳಲ್ಲಿ 1.1 ಕೋಟಿ ಮನೆ ಖಾಲಿ! ಎರಡೂ ಹೇಗೆ ನಿಜ?

ಕೊರತೆ ಅಂದ ತಕ್ಷಣ ಬೀದಿಯಲ್ಲಿ ಮಲಗುವವರು ನೆನಪಾಗುತ್ತಾರೆ, ಅಲ್ವಾ? ಆ ಲೆಕ್ಕದಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ಇಕ್ಕಟ್ಟಿನಲ್ಲಿ ಬದುಕುವ ಕುಟುಂಬಗಳದ್ದು. ಮಗ-ಸೊಸೆಗೆ ಬೇರೆ ಕೋಣೆ ಇಲ್ಲದಂಥ ಮನೆಗಳು. ಕೊರತೆಯ ಶೇ. 95ರಷ್ಟು ಬಡವರು ಮತ್ತು ಕಡಿಮೆ ಆದಾಯದವರ ಪಾಲಿನದು. ಖಾಲಿ ಇರುವ ಮನೆಗಳ ದರ ಇವರ ಕೈಗೆ ಎಟುಕುವುದಿಲ್ಲ.

ಮಾಲೀಕರು ಸುಮ್ನೆ ಖಾಲಿ ಯಾಕೆ ಬಿಡುತ್ತಾರೆ? 1 ಕೋಟಿಯ ಫ್ಲ್ಯಾಟಿಗೆ ವರ್ಷಕ್ಕೆ 3 ಲಕ್ಷ ಬಾಡಿಗೆ ಅನ್ನಿ. ಶೇ. 3 ಆಯಿತು. ಬ್ಯಾಂಕಿನ ಎಫ್‌ಡಿಯೇ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ ಕೊಡುತ್ತದೆ. ಬೆಲೆ ಏರಲಿ ಅಂತ ಕೊಂಡವರಿಗೆ ಬಾಡಿಗೆದಾರರ ತಾಪತ್ರಯವೇ ಬೇಡ.

ಇನ್ನು ಬೇಡಿಕೆ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 65 ಲಕ್ಷ, 2011ರಲ್ಲಿ 96 ಲಕ್ಷ. ಕಂಪನಿ ಒಂದೇ ತಿಂಗಳಲ್ಲಿ ನೂರಾರು ಜನರನ್ನು ಕರೆಸಿಕೊಳ್ಳಬಹುದು. ಬಡಾವಣೆ ಹಾಗೆ ಏಳುವುದಿಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ನಾಡಪ್ರಭು ಕೆಂಪೇಗೌಡ ಬಡಾವಣೆಗೆ ಮೊದಲ ಅಧಿಸೂಚನೆ ಹೊರಡಿಸಿದ್ದು 2008ರಲ್ಲಿ. ಸೈಟ್ ಸಿಕ್ಕವರು ಆಮೇಲೂ ರಸ್ತೆ, ನೀರಿಗಾಗಿ ವರ್ಷಗಟ್ಟಲೆ ಕಾದರು. ಪೂರೈಕೆ ಬೇಗ ಹಿಗ್ಗದಿದ್ದರೆ ಬೇಡಿಕೆಯ ಪೂರ್ತಿ ಭಾರ ಬೆಲೆಯ ಮೇಲೆ ಬೀಳುತ್ತದೆ. 2020ರಲ್ಲಿ ಟೆಕ್ಕಿಗಳು ಊರಿಗೆ ಹೋದಾಗ ಗಲ್ಲಿಗಲ್ಲಿಯಲ್ಲಿ ಟು-ಲೆಟ್ ಬೋರ್ಡ್ ಬಂತು, ಬಾಡಿಗೆ ಇಳಿಯಿತು. 2022ರಲ್ಲಿ ಆಫೀಸ್ ತೆರೆದವು, ಬಾಡಿಗೆ ಜಿಗಿಯಿತು. ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ನನಗೆ ಬಹಳ ಮುಖ್ಯ ಅನ್ನಿಸುವ ಕಾರಣ ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ. 30x40 ಅಡಿ ಸೈಟಿನ ಹಳೆ ಮನೆ ಕೆಡವಿ ಪಿಜಿ ಕಟ್ಟುತ್ತಾರೆ. ಕೋಣೆಗೆ ಮೂರು ಮಂಚ, ಮಂಚಕ್ಕೆ 8,000 ಅಂದರೂ ಒಂದು ಕೋಣೆಯಿಂದ 24,000. ಒಬ್ಬರ ಸಂಬಳದಲ್ಲಿ ನಡೆಯುವ ಸಂಸಾರ ಮೂವರ ಸಂಬಳದ ಜೊತೆ ಪೈಪೋಟಿ ಮಾಡಬೇಕು. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳು ಎಲ್ಲಿಂದ ತರಬೇಕು? ಊರಾಚೆ ಹೋಗುತ್ತಾಳೆ. ಬಾಡಿಗೆಯಲ್ಲಿ ಉಳಿಸಿದ್ದು ಬಸ್ಸಿಗೆ, ಸಮಯಕ್ಕೆ ಹೋಗುತ್ತದೆ.

ಕಾನೂನು ಕಾಪಾಡುತ್ತದಾ? 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗಳಿಗೆ ಅನ್ವಯಿಸುವಂತೆ ಬರೆದದ್ದೇ ಅಲ್ಲ. ಹಾಗಾಗಿ ಎಲ್ಲ ನಿಂತಿರುವುದು 11 ತಿಂಗಳ ಅಗ್ರಿಮೆಂಟ್ ಮೇಲೆ. ಪ್ರತಿ ಸಲ ಶೇ. 10 ಏರಿಸಿದರೆ 15,000ದ ಬಾಡಿಗೆ ಏಳು ಏರಿಕೆಗೆ 29,000 ದಾಟುತ್ತದೆ. ಬಿಟ್ಟು ಹೋಗೋಣ ಅಂದರೆ ಹೊಸ ಮನೆಗೆ ಐದಾರು ತಿಂಗಳ, ಕೆಲವು ಕಡೆ ಹತ್ತು ತಿಂಗಳ ಅಡ್ವಾನ್ಸ್ ಬೇಕು. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ. ಹಳೆ ಅಡ್ವಾನ್ಸಿನಲ್ಲಿ ಪೇಂಟಿಂಗ್ ಅಂತ ಇನ್ನೊಂದು ತಿಂಗಳದ್ದು ಮುರಿದುಕೊಳ್ಳುತ್ತಾರೆ. ಇಷ್ಟು ಹೊಂದಿಸಲಾಗದವರು ಓನರ್ ಕೇಳಿದ್ದಕ್ಕೆ ಒಪ್ಪುತ್ತಾರೆ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಸಾಕು ಎನ್ನುತ್ತದೆ. ಅದು ಮಾದರಿ ಅಷ್ಟೇ, ರಾಜ್ಯ ಒಪ್ಪಿ ಕಾನೂನು ಮಾಡಿದರೆ ಮಾತ್ರ ಜಾರಿ.